ಪ್ಯಾಂಕ್ರಿಯಾಸ್ ಗಡ್ಡೆಗೆ ಎರಡನೇ ಸಲ ಸೂಜಿ ಹಾಕಿಸ್ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ದಾವಣಗೆರೆ. ಅಪ್ಪನಿಗೆ 61 ವರ್ಷ, ಶುಗರ್ ಇದೆ, ಎರಡು ವರ್ಷದ ಹಿಂದೆ ಹಾರ್ಟ್‌ಗೆ ಸ್ಟೆಂಟ್ ಹಾಕಿದಾರೆ, ಆಸ್ಪಿರಿನ್ ಮತ್ತೆ ಕ್ಲೋಪಿಡೋಗ್ರೆಲ್ ಅಂತ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಮಾತ್ರೆ ತಗೋತಾರೆ. ಮೂರು ತಿಂಗಳಲ್ಲಿ 9 ಕೆಜಿ ಇಳಿದ್ರು, ಆಮೇಲೆ ಕಣ್ಣು ಹಳದಿ ಆಯ್ತು, ಮೈಯೆಲ್ಲಾ ತುರಿಕೆ. ಸಿಟಿ ಸ್ಕ್ಯಾನ್‌ನಲ್ಲಿ ಪ್ಯಾಂಕ್ರಿಯಾಸ್‌ನ (ಮೇದೋಜೀರಕ ಗ್ರಂಥಿ) ತಲೆ ಭಾಗದಲ್ಲಿ 3.1 ಸೆಂ.ಮೀ. ಗಡ್ಡೆ, ಪಕ್ಕದ ರಕ್ತನಾಳಕ್ಕೆ ತಾಗಿದೆ ಅಂತ ಬಂತು. ಜಾಂಡೀಸ್ ಇಳಿಯೋಕೆ ಪಿತ್ತನಾಳಕ್ಕೆ ಪ್ಲಾಸ್ಟಿಕ್ ಸ್ಟೆಂಟ್ ಹಾಕಿದ್ರು, ವಾರ ಬಿಟ್ಟು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ ಸೂಜಿ ಹಾಕಿ ಸ್ಯಾಂಪಲ್ ತೆಗೆದ್ರು. ರಿಪೋರ್ಟ್‌ನಲ್ಲಿ 'ರಕ್ತವೇ ಜಾಸ್ತಿ, ಸ್ಯಾಂಪಲ್ ಸಾಲದು, ಕ್ಯಾನ್ಸರ್ ಕಣಗಳು ಕಂಡಿಲ್ಲ' ಅಂತ ಇದೆ. ಈಗ ಬೆಂಗಳೂರಿನ ಡಾಕ್ಟ್ರು ಇನ್ನೊಂದು ಸಲ ಬಯಾಪ್ಸಿ ಆಗ್ಬೇಕು ಅಂತಾರೆ. ಚಿಕ್ಕಪ್ಪ 'ಕ್ಯಾನ್ಸರ್ ಇಲ್ಲ ಅಂತ ಬಂದಿದೆಯಲ್ಲ, ಮತ್ತೆ ಯಾಕೆ ಚುಚ್ಚಿಸ್ತೀರ, ಸೂಜಿ ತಾಗಿದ್ರೆ ಹರಡತ್ತೆ' ಅಂತ ಜಗಳ ಮಾಡ್ತಿದಾರೆ. ಅಮ್ಮನಿಗೂ ಭಯ. ಏನು ಮಾಡ್ಲಿ?

ಉತ್ತರ: ಮಾಡಿಸಿಮ್ಮಾ. ನಿಮ್ಮ ತಂದೆಯವ್ರ ಕೇಸ್‌ನಲ್ಲಿ ಮಾಡಿಸ್ಲೇಬೇಕು, ತಡ ಮಾಡದೆ ಮಾಡಿಸ್ಬೇಕು.

ಮೊದಲು ಆ ರಿಪೋರ್ಟ್ ಓದೋಣ. ಅದರಲ್ಲಿ ಎರಡು ಮಾತಿದೆ, ಒಂದು 'ಸ್ಯಾಂಪಲ್ ಸಾಲದು', ಇನ್ನೊಂದು 'ಕ್ಯಾನ್ಸರ್ ಕಣ ಕಂಡಿಲ್ಲ'. ಮನೇಲಿ ಎಲ್ರೂ ಎರಡನೇದನ್ನ ಗಟ್ಟಿಯಾಗಿ ಹಿಡ್ಕೊಂಡಿದೀರ, ಆದ್ರೆ ಸ್ಯಾಂಪಲ್ ಪರೀಕ್ಷಿಸಿದ ಪೆಥಾಲಜಿಸ್ಟ್ ನಿಜವಾಗಿ ಹೇಳಿರೋದು ಮೊದಲನೇದು. ಅವರ ಕೈಗೆ ಬಂದಿದ್ದು ಬರೀ ರಕ್ತ, ಗಡ್ಡೆಯ ತುಣುಕೇ ಬಂದಿಲ್ಲ, ಬರದೇ ಇರೋದರಲ್ಲಿ ಕ್ಯಾನ್ಸರ್ ಹೇಗೆ ಕಾಣತ್ತೆ? ಅದು 'ಇಲ್ಲ' ಅನ್ನೋ ಉತ್ತರ ಅಲ್ಲ, ಪರೀಕ್ಷೆನೇ ಆಗಿಲ್ಲ ಅಂತ ಅರ್ಥ. ಇದನ್ನ ಚಿಕ್ಕಪ್ಪನವ್ರಿಗೆ ನಿಧಾನವಾಗಿ ಹೇಳಿ, ಅವರು ಅಣ್ಣನ ಮೇಲಿನ ಪ್ರೀತಿಯಿಂದಲೇ ಜಗಳ ಮಾಡ್ತಿರೋದು.

ಸ್ಯಾಂಪಲ್ ಚೆನ್ನಾಗಿ ಬಂದಾಗಲೂ ಈ ಪರೀಕ್ಷೆಗೆ ಒಂದು ಮಿತಿ ಇದೆ. 2012ರಲ್ಲಿ ಸುಮಾರು 5,000 ರೋಗಿಗಳ ಅಧ್ಯಯನಗಳನ್ನ ಒಟ್ಟಿಗೆ ಸೇರಿಸಿ ನೋಡಿದಾಗ, ಪ್ಯಾಂಕ್ರಿಯಾಸ್ ಕ್ಯಾನ್ಸರ್ ಇರೋ 100 ಜನರಲ್ಲಿ ಸೂಜಿ ಪರೀಕ್ಷೆ ಹಿಡಿದಿದ್ದು ಸುಮಾರು 85 ಜನರನ್ನ, ಉಳಿದ 15 ಜನರಿಗೆ ಕಾಯಿಲೆ ಇದ್ರೂ ತಪ್ಪಿಹೋಗಿತ್ತು. ಅದೇ ಕ್ಯಾನ್ಸರ್ ಇದೆ ಅಂತ ಬಂದ್ರೆ ಅದು ತಪ್ಪಾಗೋದು ತುಂಬಾ ಅಪರೂಪ. ಅಂದ್ರೆ ಈ ಪರೀಕ್ಷೆ 'ಹೌದು' ಅಂದ್ರೆ ನಂಬಬಹುದು, 'ಇಲ್ಲ' ಅಂದ್ರೆ ರೋಗಿಯ ಮುಖ ನೋಡಿ, ಸ್ಕ್ಯಾನ್ ನೋಡಿ ಮತ್ತೆ ಯೋಚನೆ ಮಾಡ್ಬೇಕು. ಕಣ್ಣು ಹಳದಿ ಆಗಿ, 9 ಕೆಜಿ ಇಳಿದು, ಸಿಟಿಯಲ್ಲಿ ಗಡ್ಡೆ ಎದ್ದು ಕಾಣ್ತಿರುವಾಗ ಒಂದು ಖಾಲಿ ರಿಪೋರ್ಟ್ ಇಟ್ಕೊಂಡು ಮನೆಗೆ ಹೋಗೋದನ್ನ ನಾನಂತೂ ಒಪ್ಪಲ್ಲ.

ಹಾಗಂತ ಪ್ಯಾಂಕ್ರಿಯಾಸ್‌ನಲ್ಲಿ ಗಡ್ಡೆ ಕಂಡ ಎಲ್ಲರಿಗೂ ಸೂಜಿ ಹಾಕ್ಬೇಕು ಅಂತಿಲ್ಲ. ಗಡ್ಡೆ ಚಿಕ್ಕದಾಗಿ, ರಕ್ತನಾಳದಿಂದ ದೂರ ಇದ್ದು, ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಥರಾನೇ ಕಾಣ್ತಿದ್ದು, ರೋಗಿ ಗಟ್ಟಿಮುಟ್ಟಾಗಿದ್ರೆ ಸರ್ಜನ್‌ಗಳು ಬಯಾಪ್ಸಿ ಇಲ್ಲದೇನೇ ನೇರ ಆಪರೇಷನ್‌ಗೆ ಹೋಗ್ತಾರೆ, ಯಾಕಂದ್ರೆ ರಿಪೋರ್ಟ್ ಏನು ಬಂದ್ರೂ ತೆಗೆಯೋದಂತೂ ತೆಗೀಲೇಬೇಕು. ಸೂಜಿಗೆ ಒಪ್ಪೋ ಮುಂಚೆ ಡಾಕ್ಟರ್ ಹತ್ರ ಕೇಳ್ಬೇಕಾದ ಪ್ರಶ್ನೆ ಒಂದೇ, 'ಇದರ ಉತ್ತರದಿಂದ ಟ್ರೀಟ್‌ಮೆಂಟ್ ಏನು ಬದಲಾಗತ್ತೆ?' ನಿಮ್ಮ ಕೇಸ್‌ನಲ್ಲಿ ಬದಲಾಗತ್ತೆ. ಗಡ್ಡೆ ರಕ್ತನಾಳಕ್ಕೆ ತಾಗಿದೆ ಅಂದ್ರೆ ಸಾಮಾನ್ಯವಾಗಿ ಮೊದಲು ಕೆಲವು ತಿಂಗಳು ಕಿಮೋ ಕೊಟ್ಟು, ಗಡ್ಡೆಯನ್ನ ಹತೋಟಿಗೆ ತಂದು, ಆಮೇಲೆ ಆಪರೇಷನ್ ಆಗತ್ತಾ ಅಂತ ನೋಡ್ತಾರೆ. ಕಿಮೋ ಶುರು ಮಾಡೋಕೆ ಕ್ಯಾನ್ಸರ್ ಅಂತ ಕೈಯಲ್ಲಿ ಪುರಾವೆ ಇರಲೇಬೇಕು, ಸ್ಕ್ಯಾನ್ ನೋಡಿ ಅಂದಾಜಿನ ಮೇಲೆ ಕೊಡೋ ಔಷಧಿ ಅಲ್ಲ ಅದು. ಕ್ಯಾನ್ಸರ್ ಸುಳಿವು ಕೊಡೋ ಸಿಎ 19-9 ರಕ್ತಪರೀಕ್ಷೆ ಜಾಸ್ತಿ ಬಂದಿದೆ, ಅದೇ ಸಾಕಲ್ವಾ ಅಂತ ಕೆಲವರು ಕೇಳ್ತಾರೆ. ಸಾಲದು. ಜಾಂಡೀಸ್ ಇದ್ರೆ ಕ್ಯಾನ್ಸರ್ ಇಲ್ದೇನೂ ಅದು ಏರತ್ತೆ, ಇನ್ನು ಕೆಲವರ ಮೈಯಲ್ಲಿ ಆ ಅಂಶ ಹುಟ್ಟೋದೇ ಇಲ್ಲ, ಅವರಿಗೆ ದೊಡ್ಡ ಗಡ್ಡೆ ಇದ್ರೂ ನಾರ್ಮಲ್ ಬರತ್ತೆ.

ಇನ್ನೊಂದು ವಿಷ್ಯ, ಪ್ಯಾಂಕ್ರಿಯಾಸ್‌ನಲ್ಲಿ ಗಡ್ಡೆ ಅಂದ ತಕ್ಷಣ ಎಲ್ಲಾ ಒಂದೇ ಜಾತಿ ಅಲ್ಲ. ಆಟೋಇಮ್ಯೂನ್ ಪ್ಯಾಂಕ್ರಿಯಾಟೈಟಿಸ್ ಅಂತ ಒಂದಿದೆ, ಮೈಯ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಪ್ಯಾಂಕ್ರಿಯಾಸ್ ಊದೋದು, ಸ್ಕ್ಯಾನ್‌ನಲ್ಲಿ ಥೇಟ್ ಕ್ಯಾನ್ಸರ್ ಹಾಗೇ ಇರತ್ತೆ, ಸ್ಟೀರಾಯ್ಡ್ ಕೊಟ್ರೆ ಕೆಲವೇ ವಾರದಲ್ಲಿ ಕರಗತ್ತೆ. ನಮ್ಮ ದೇಶದಲ್ಲಿ ಟಿಬಿಯನ್ನೂ ಮರೆಯೋ ಹಾಗಿಲ್ಲ. ಕೆಲವು ವರ್ಷದ ಹಿಂದೆ ರಾಯಚೂರು ಕಡೆಯಿಂದ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳನ್ನ ಕರ್ಕೊಂಡು ಬಂದಿದ್ರು, ಪ್ಯಾಂಕ್ರಿಯಾಸ್ ತಲೆಯಲ್ಲಿ ಗಡ್ಡೆ, ಸುತ್ತ ಗ್ರಂಥಿಗಳು ಊದಿದ್ವು, ಬೇರೆ ಕಡೆ 'ಲಾಸ್ಟ್ ಸ್ಟೇಜ್' ಅಂತ ಹೇಳಿ ಕಳಿಸಿದ್ರಂತೆ, ಗಂಡ ಹೊಲ ಮಾರೋ ಮಾತಾಡ್ತಿದ್ದ. ಸೂಜಿ ಹಾಕಿದೆ, ಒಳಗಿಂದ ಬಂದಿದ್ದು ಮೊಸರಿನ ಹಾಗಿದ್ದ ಗಟ್ಟಿ ಪದಾರ್ಥ, ಅರ್ಧ ಪೆಥಾಲಜಿಗೆ ಅರ್ಧ ಟಿಬಿ ಪರೀಕ್ಷೆಗೆ ಕಳಿಸಿದ್ವಿ, ಟಿಬಿನೇ ಬಂತು. ಟಿಬಿ ಮಾತ್ರೆಯಲ್ಲೇ ವಾಸಿಯಾದ್ಲು, ಹೊಲವೂ ಉಳೀತು. ಸ್ಟೀವ್ ಜಾಬ್ಸ್ ವಿಷ್ಯ ನೀವು ಕೇಳಿರ್ತೀರ, 2003ರಲ್ಲಿ ಅವರಿಗೂ ಇದೇ ರೀತಿ ಗಂಟಲಿಂದ ಎಂಡೋಸ್ಕೋಪ್ ಬಿಟ್ಟು ಪ್ಯಾಂಕ್ರಿಯಾಸ್‌ಗೆ ಸೂಜಿ ಹಾಕಿದ್ರು, ಸಾಮಾನ್ಯ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಅಂದ್ಕೊಂಡಿದ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನ್ಯೂರೋಎಂಡೋಕ್ರೈನ್ ಅನ್ನೋ ಅಪರೂಪದ ಜಾತಿ ಅಂತ ಗೊತ್ತಾಯ್ತು. ಅದರ ನಡತೆ ಬೇರೆ, ಟ್ರೀಟ್‌ಮೆಂಟ್ ಬೇರೆ. ನಿಮ್ಮ ತಂದೆಯವ್ರ ವಯಸ್ಸು, ತೂಕ ಇಳಿದ ರೀತಿ ನೋಡಿದ್ರೆ ಮಾಮೂಲಿ ಕ್ಯಾನ್ಸರ್ ಇರೋ ಸಾಧ್ಯತೆಯೇ ಹೆಚ್ಚು, ಸುಳ್ಳು ಆಸೆ ಕೊಡಲ್ಲ. ಆದ್ರೆ ಇದು ಯಾವುದು ಅಂತ ನೋಡದೇ ಬಿಟ್ಟುಬಿಡೋದು ಅನ್ಯಾಯ.

ಈಗ ಒಳಗೆ ಏನು ಮಾಡ್ತೀವಿ ಅಂತ ಹೇಳ್ತೀನಿ, ಅಮ್ಮನಿಗೂ ಓದಿ ಹೇಳಿ, ಅರ್ಧ ಭಯ ಹೋಗತ್ತೆ. ಪ್ಯಾಂಕ್ರಿಯಾಸ್ ಇರೋದು ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ, ಸುಮಾರು 15 ಸೆಂ.ಮೀ. ಉದ್ದಕ್ಕೆ ಅಡ್ಡಡ್ಡ ಮಲಗಿರತ್ತೆ. ಹೊರಗಿಂದ ಅಲ್ಟ್ರಾಸೌಂಡ್ ಮಾಡಿದ್ರೆ ಮಧ್ಯದಲ್ಲಿ ಕರುಳಿನ ಗ್ಯಾಸ್ ಅಡ್ಡ ಬರತ್ತೆ. ಆದ್ರೆ ಜಠರಕ್ಕೂ ಸಣ್ಣ ಕರುಳಿನ ಮೊದಲ ಭಾಗಕ್ಕೂ ಅದು ಒರಗಿಕೊಂಡೇ ಇರೋದ್ರಿಂದ, ಒಳಗಿಂದ ನೋಡಿದ್ರೆ ಗೋಡೆ ಆಚೆಗೇ ಸಿಗತ್ತೆ. ಹಾಗಾಗಿ ಎಂಡೋಸ್ಕೋಪ್‌ನ ತುದಿಗೆ ಒಂದು ಪುಟ್ಟ ಅಲ್ಟ್ರಾಸೌಂಡ್ ಪ್ರೋಬ್ ಕೂರಿಸಿದ್ರು. 1992ರಲ್ಲಿ ಡೆನ್ಮಾರ್ಕ್‌ನ ಪೀಟರ್ ವಿಲ್ಮನ್ ಅವರ ತಂಡ ಹೀಗೆ ನೋಡ್ಕೊಂಡು ಪ್ಯಾಂಕ್ರಿಯಾಸ್‌ಗೆ ಸೂಜಿ ಹಾಕಿದ್ದನ್ನ ಪ್ರಕಟಿಸಿದ್ರು, ಅಲ್ಲಿಂದ ಇದು ಬೆಳೀತಾ ಬಂತು.

ರೋಗಿಯನ್ನ ಎಡಮಗ್ಗುಲಿಗೆ ಮಲಗಿಸಿ, ನಿದ್ದೆ ಔಷಧಿ ಕೊಡ್ತೀವಿ, ಪಕ್ಕದಲ್ಲಿ ಅನಸ್ತೇಷಿಯಾ ಡಾಕ್ಟರ್ ಇರ್ತಾರೆ. ಸ್ಕೋಪ್ ಮಾಮೂಲಿ ಎಂಡೋಸ್ಕೋಪ್‌ಗಿಂತ ಸ್ವಲ್ಪ ದಪ್ಪ, ನಿದ್ದೇಲಿ ಇರೋದ್ರಿಂದ ಗೊತ್ತಾಗಲ್ಲ. ಗಂಟಲು, ಅನ್ನನಾಳ, ಜಠರ ದಾಟಿ ಡುಯೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ತಲುಪಿದಾಗ ಪರದೆ ಮೇಲೆ ಬೂದು ಬಣ್ಣದ ಪ್ಯಾಂಕ್ರಿಯಾಸ್, ಅದರ ಮಧ್ಯೆ ಕಪ್ಪಗೆ ಅಂಚು ಒರಟಾದ ಗಡ್ಡೆ ಕಾಣತ್ತೆ. ರಕ್ತದ ಹರಿವು ತೋರಿಸೋ ಡಾಪ್ಲರ್ ಹಾಕಿದ್ರೆ ರಕ್ತನಾಳಗಳು ಕೆಂಪು ನೀಲಿಯಾಗಿ ಮಿನುಗ್ತವೆ, ಅವನ್ನ ತಪ್ಪಿಸಿ ದಾರಿ ಹುಡುಕ್ತೀವಿ. ಸೂಜಿ ದಪ್ಪ 22 ಗೇಜ್, ಅಂದ್ರೆ ಲ್ಯಾಬ್‌ನಲ್ಲಿ ತೋಳಿಂದ ರಕ್ತ ತೆಗೆಯೋ ಸೂಜಿ ಇರತ್ತಲ್ಲ, ಹೆಚ್ಚುಕಡಿಮೆ ಅಷ್ಟೇ. ಕರುಳಿನ ಗೋಡೆ ದಾಟಿ ಗಡ್ಡೆ ಒಳಗೆ ಸೂಜಿ ಬಿಳಿ ಗೆರೆಯಾಗಿ ಹೋಗೋದು ಪರದೆಯಲ್ಲಿ ಪೂರ್ತಿ ಕಾಣ್ತಾನೇ ಇರತ್ತೆ, ಕಣ್ಣುಮುಚ್ಚಿ ಚುಚ್ಚೋ ಕೆಲಸ ಅಲ್ಲ ಇದು. ಗಡ್ಡೆ ಒಳಗೆ ಹತ್ತು ಹನ್ನೆರಡು ಸಲ ಹಿಂದೆ ಮುಂದೆ ಆಡಿಸ್ತೀವಿ, ಒಂದೇ ಜಾಗದಲ್ಲಿ ಅಲ್ಲ, ಬೀಸಣಿಗೆ ಬಿಚ್ಚಿದ ಹಾಗೆ ಕೋನ ಬದಲಾಯಿಸ್ತಾ, ಯಾಕಂದ್ರೆ ಗಡ್ಡೆಯ ನಡುಭಾಗ ಕೆಲವು ಸಲ ಸತ್ತುಹೋಗಿರತ್ತೆ, ಜೀವ ಇರೋ ಕಣ ಅಂಚಿನಲ್ಲಿ ಇರ್ತವೆ.

ಸೂಜಿ ಹೊರಗೆ ತೆಗೆದು, ಒಳಗಿನ ತಂತಿಯಿಂದ ನಿಧಾನಕ್ಕೆ ತಳ್ಳಿದಾಗ ಗಾಜಿನ ಮೇಲೆ ಏನು ಬೀಳತ್ತೆ ಅನ್ನೋದೇ ನನಗೆ ಇಡೀ ಕೆಲಸದಲ್ಲಿ ಮುಖ್ಯ. ಬರೀ ಕೆಂಪು ರಕ್ತ ಬಿದ್ರೆ ಮನಸ್ಸಿಗೆ ಸಮಾಧಾನ ಇಲ್ಲ. ರಕ್ತದ ಮಧ್ಯೆ ತುಂಡಾದ ಶಾವಿಗೆ ಎಳೆ ಥರ ಬಿಳಿ ಎಳೆ, ನಾಲ್ಕೈದು ಮಿಲಿಮೀಟರ್ ಉದ್ದದ್ದು, ಕಣ್ಣಿಗೆ ಕಂಡ್ರೆ ಗಡ್ಡೆ ಸಿಕ್ಕಿದೆ ಅಂತ ಧೈರ್ಯ. ಕಾಣ್ಲಿಲ್ಲ ಅಂದ್ರೆ ಮತ್ತೆ ಹಾಕ್ತೀವಿ, ಒಟ್ಟು ಎರಡು ಮೂರು ಸಲ, ಕೆಲವೊಮ್ಮೆ ಇನ್ನೊಂದು. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಪೆಥಾಲಜಿ ಡಾಕ್ಟರ್ ಅದೇ ರೂಮಲ್ಲಿ ಮೈಕ್ರೋಸ್ಕೋಪ್ ಇಟ್ಕೊಂಡು ಕೂತು 'ಸಾಕು' ಅಥವಾ 'ಇನ್ನೊಂದು ಕೊಡಿ' ಅಂತ ಹೇಳ್ತಾರೆ. ಆ ಸೌಲಭ್ಯ ಇದ್ರೆ ಒಳ್ಳೇದು, ಇಲ್ದಿದ್ರೆ ನಷ್ಟ ಏನಿಲ್ಲ, ಈಗಿನ ಸೂಜಿಗಳಲ್ಲಿ ಅದಿಲ್ದೇನೂ ಚೆನ್ನಾಗೇ ಬರತ್ತೆ.

ಈ ಸೂಜಿ ವಿಷ್ಯ ನಿಮಗೆ ಗೊತ್ತಿರಲಿ. ನಿಮ್ಮ ತಂದೆಗೆ ಮೊದಲು ಮಾಡಿದ್ದು ಎಫ್‌ಎನ್‌ಎ ಇರಬೇಕು, ಅದು ಬಿಡಿ ಬಿಡಿ ಕಣಗಳನ್ನ ಹೀರಿಕೊಳ್ಳತ್ತೆ. ಈಗ ಹೇಳ್ತಿರೋದು ಎಫ್‌ಎನ್‌ಬಿ ಇರಬಹುದು, ಅದರ ಸೂಜಿ ತುದಿಯಲ್ಲಿ ಕಿರೀಟದ ಹಾಗೆ ಮೂರು ಹಲ್ಲು, ಅಥವಾ ಫೋರ್ಕ್ ಥರ ಸೀಳು ಇರತ್ತೆ, ಕಣ ಹೀರೋ ಬದಲು ಇಡೀ ತುಣುಕನ್ನ ಕತ್ತರಿಸಿ ತರತ್ತೆ. ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನ ಸ್ವಭಾವ ಏನಂದ್ರೆ ಅದರ ತುಂಬಾ ನಾರು, ಕ್ಯಾನ್ಸರ್ ಕಣ ಆ ನಾರಿನ ಮಧ್ಯೆ ಅಲ್ಲೊಂದು ಇಲ್ಲೊಂದು ಅಡಗಿರ್ತವೆ. ಬಾಳೆದಿಂಡು ಹೆಚ್ಚುವಾಗ ಬೆರಳಿಗೆ ನಾರು ಸುತ್ಕೊಳ್ಳತ್ತಲ್ಲ, ಆ ಥರದ್ದರಿಂದ ಬರೀ ಹೀರಿ ತೆಗೀತೀನಿ ಅಂದ್ರೆ ಎಷ್ಟೋ ಸಲ ರಕ್ತ ಮಾತ್ರ ಬರತ್ತೆ. ಜೊತೆಗೆ ಪಿತ್ತನಾಳದಲ್ಲಿ ಸ್ಟೆಂಟ್ ಮೊದಲೇ ಕೂತಿತ್ತು, ಅದರ ನೆರಳು, ಸುತ್ತಲ ಊತ ಎರಡೂ ಸೇರಿ ಗಡ್ಡೆ ಎಲ್ಲಿ ಶುರು ಎಲ್ಲಿ ಮುಗೀತು ಅಂತ ಮಸುಕು ಮಾಡಿಬಿಡತ್ತೆ. ಅದಕ್ಕೇ ಸಾಧ್ಯ ಇದ್ದಾಗ ನಾವು ಮೊದಲು ಸೂಜಿ, ಅದೇ ಸಿಟ್ಟಿಂಗ್‌ನಲ್ಲಿ ಆಮೇಲೆ ಸ್ಟೆಂಟ್ ಅಂತ ಮಾಡ್ತೀವಿ. ಮೊದಲ ಆಸ್ಪತ್ರೆಯವ್ರು ತಪ್ಪು ಮಾಡಿದ್ರು ಅಂತ ಹೇಳ್ತಿಲ್ಲ, ಜಾಂಡೀಸ್ ಜೊತೆ ಜ್ವರ ಚಳಿ ಇದ್ರೆ ಸ್ಟೆಂಟ್ ಕಾಯೋ ಹಾಗಿಲ್ಲ, ಅಲ್ಲಿ ಜೀವ ಮುಖ್ಯ. ಬೆಂಗಳೂರಲ್ಲಿ ಒಂದು ಮಾತು ಕೇಳಿ ಇಟ್ಕೊಳ್ಳಿ, 'ಈ ಸಲ ಎಫ್‌ಎನ್‌ಬಿ ಸೂಜಿ ಬಳಸ್ತೀರಾ?' ಅಂತ. ಕೇಳಿದ್ರೆ ಯಾವ ಒಳ್ಳೆ ಡಾಕ್ಟರೂ ಬೇಜಾರು ಮಾಡ್ಕೊಳ್ಳಲ್ಲ. ತುಣುಕು ದೊಡ್ಡದಾಗಿ ಬಂದ್ರೆ ಇನ್ನೊಂದು ಲಾಭ, ಅದರಲ್ಲೇ ಜೀನ್ ಪರೀಕ್ಷೆನೂ ಮಾಡಬಹುದು, ಬಿಆರ್‌ಸಿಎ ಅನ್ನೋ ಜೀನ್‌ನಲ್ಲಿ ದೋಷ ಇದ್ರೆ ಕಿಮೋ ಆಯ್ಕೆಯೇ ಬೇರೆ ಆಗಬಹುದು.

ಚಿಕ್ಕಪ್ಪನವ್ರ ಭಯಕ್ಕೆ ಬರ್ತೀನಿ. ಸೂಜಿ ಹೋದ ದಾರೀಲಿ ಕ್ಯಾನ್ಸರ್ ಕಣ ಬೀಳೋದು ಕಟ್ಟುಕತೆ ಅಲ್ಲ, ಆಗತ್ತೆ, ಆದ್ರೆ ಎಷ್ಟು ಅನ್ನೋದು ಮುಖ್ಯ. ಹೊಟ್ಟೆಯ ಹೊರಗಿಂದ, ಚರ್ಮದ ಮೂಲಕ ಸೂಜಿ ಹಾಕಿದಾಗ ಅದು ಹೊಟ್ಟೆಯೊಳಗಿನ ಖಾಲಿ ಜಾಗ ದಾಟಿ ಹೋಗ್ಬೇಕು, ಅಲ್ಲಿ ಕಣ ಬಿದ್ರೆ ಕಷ್ಟ. 2003ರಲ್ಲಿ ಬಂದ ಒಂದು ಹೋಲಿಕೆಯಲ್ಲಿ ಹೊರಗಿಂದ ಸೂಜಿ ಹಾಕಿದವ್ರಲ್ಲಿ ನೂರಕ್ಕೆ 16ರಷ್ಟು ಜನರಿಗೆ ಆಮೇಲೆ ಹೊಟ್ಟೆಯ ಪದರಕ್ಕೆ ಕ್ಯಾನ್ಸರ್ ಹರಡಿತ್ತು, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ ಮಾಡಿದವ್ರಲ್ಲಿ ನೂರಕ್ಕೆ 2ರಷ್ಟು. ಜಪಾನಿನಲ್ಲಿ ಇತ್ತೀಚೆಗೆ ಸಾವಿರಾರು ರೋಗಿಗಳನ್ನ ನೋಡಿದಾಗ ಸೂಜಿ ದಾರೀಲೇ ಬೆಳೆದಿದ್ದು ಸಾವಿರಕ್ಕೆ ಮೂರ್ನಾಲ್ಕು ಜನರಲ್ಲಿ. ನಿಮ್ಮ ತಂದೆಯವ್ರಿಗೆ ಇನ್ನೊಂದು ಸಮಾಧಾನ ಇದೆ, ಗಡ್ಡೆ ಇರೋದು ತಲೆ ಭಾಗದಲ್ಲಿ, ಸೂಜಿ ಹೋಗೋದು ಡುಯೋಡಿನಮ್ ಗೋಡೆಯಿಂದ, ಮುಂದೆ ಪ್ಯಾಂಕ್ರಿಯಾಸ್ ತಲೆ ತೆಗೆಯೋ ವಿಪ್ಪಲ್ ಆಪರೇಷನ್ ಆದ್ರೆ ಸರ್ಜನ್ ಗಡ್ಡೆ ಜೊತೆ ಆ ಡುಯೋಡಿನಮ್ ಭಾಗವನ್ನೂ ತೆಗೆದುಬಿಡ್ತಾರೆ, ಸೂಜಿ ದಾರಿನೂ ಅದರ ಜೊತೆಗೇ ಹೋಯ್ತು. ಗಡ್ಡೆ ಬಾಲದ ಕಡೆ ಇದ್ದು ಜಠರದ ಮೂಲಕ ಸೂಜಿ ಹಾಕ್ಬೇಕಾದಾಗ, ಆಪರೇಷನ್ ನೇರ ಆಗೋ ಹಾಗಿದ್ರೆ ನಾನೂ ಸರ್ಜನ್ ಜೊತೆ ಎರಡು ಸಲ ಮಾತಾಡಿಯೇ ಮುಂದುವರಿಯೋದು. ಆದ್ರೆ ಕ್ಯಾನ್ಸರ್ ತಾನಾಗೇ ಹರಡೋ ವೇಗದ ಮುಂದೆ ಈ ಸೂಜಿ ಅಪಾಯ ತುಂಬಾ ಚಿಕ್ಕದು, ಭಯಪಟ್ಟು ಎರಡು ತಿಂಗಳು ಕಾಯೋದೇ ದೊಡ್ಡ ಅಪಾಯ.

ಬೇರೆ ತೊಂದ್ರೆಗಳು ಅಂದ್ರೆ ಪ್ಯಾಂಕ್ರಿಯಾಸ್ ಊತ, ರಕ್ತಸ್ರಾವ, ಸೋಂಕು, ಅಪರೂಪಕ್ಕೆ ಕರುಳಿಗೆ ತೂತು. ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ತೆಗೆದಾಗ ಇವೆಲ್ಲಾ ಸೇರಿ ನೂರಕ್ಕೆ ಒಬ್ಬರಿಗೆ, ಅದರಲ್ಲೂ ಬಹುಪಾಲು ಔಷಧಿಯಲ್ಲೇ ಸರಿಹೋಗೋವು.

ತಯಾರಿ ವಿಷ್ಯದಲ್ಲಿ ಮಾತ್ರ ದಯವಿಟ್ಟು ಹುಷಾರಾಗಿರಿ, ನಿಮ್ಮ ತಂದೆಯವ್ರಿಗೆ ಮೂರು ಗಂಟು ಇದೆ. ಮೊದಲನೇದು ಕ್ಲೋಪಿಡೋಗ್ರೆಲ್. ಸೂಜಿ ಹಾಕೋ ಮುಂಚೆ ಸಾಮಾನ್ಯವಾಗಿ 5ರಿಂದ 7 ದಿನ ಅದನ್ನ ನಿಲ್ಲಿಸಿ, ಆಸ್ಪಿರಿನ್ ಮುಂದುವರಿಸ್ತೀವಿ. ಆದ್ರೆ ನೀವಾಗೇ ನಿಲ್ಲಿಸ್ಬೇಡಿ, ಹಾರ್ಟ್ ಡಾಕ್ಟರ್‌ಗೆ ಫೋನ್ ಮಾಡಿ, ಸ್ಟೆಂಟ್ ಹಾಕಿದ ದಿನಾಂಕ ಹೇಳಿ, ಅವರು ಚೀಟಿಯಲ್ಲಿ ಬರ್ಕೊಟ್ಟ ಮೇಲೆ ನಿಲ್ಲಿಸಿ. ಎರಡೂ ಮಾತ್ರೆ ಒಟ್ಟಿಗೆ ಬಿಟ್ಟು ಹಾರ್ಟ್ ಸ್ಟೆಂಟ್ ಬ್ಲಾಕ್ ಆಗಿ ಬಂದ ರೋಗಿಯನ್ನ ನಾನು ನೋಡಿದೀನಿ, ಅದನ್ನ ಇನ್ನೊಂದ್ಸಲ ನೋಡೋ ಮನಸ್ಸಿಲ್ಲ. ಎರಡನೇದು ಶುಗರ್ ಮಾತ್ರೆ. ಆವತ್ತು ಬೆಳಿಗ್ಗೆ ಊಟ ಇಲ್ದೇ ಶುಗರ್ ಮಾತ್ರೆ, ಇನ್ಸುಲಿನ್ ಮಾಮೂಲಿ ಹಾಗೆ ತಗೊಂಡ್ರೆ ಶುಗರ್ ಕುಸಿಯತ್ತೆ, ಡೋಸ್ ಎಷ್ಟು ಅಂತ ಹಿಂದಿನ ದಿನವೇ ಕೇಳಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಹೆಸರು ಚೀಟಿಯಲ್ಲಿ ಇದ್ರೆ ಅದನ್ನ ಮೂರು ದಿನ ಮುಂಚೆಯೇ ನಿಲ್ಲಿಸ್ಬೇಕಾಗತ್ತೆ, ಮರೀದೇ ಹೇಳಿ. ಮೂರನೇದು ಜಾಂಡೀಸ್. ಪಿತ್ತ ಕರುಳಿಗೆ ಇಳೀದೇ ಇದ್ರೆ ವಿಟಮಿನ್ ಕೆ ಮೈಗೆ ಹತ್ತಲ್ಲ, ರಕ್ತ ಹೆಪ್ಪುಗಟ್ಟೋದು ನಿಧಾನ ಆಗತ್ತೆ, ಅದಕ್ಕೆ ಪಿಟಿ-ಐಎನ್‌ಆರ್ ಅನ್ನೋ ರಕ್ತಪರೀಕ್ಷೆ ಮಾಡಿಸಿರಬೇಕು, ಬೇಕಾದ್ರೆ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು ಸರಿಮಾಡ್ತಾರೆ.

ಹಿಂದಿನ ರಾತ್ರಿ ಹಗುರ ಊಟ, ಆಮೇಲೆ 8 ಗಂಟೆ ಏನೂ ತಿನ್ನೋ ಹಾಗಿಲ್ಲ, ಕಾಫಿ ಟೀ ಹಾಲು ಕೂಡ ಇಲ್ಲ, ನೀರು ಎಷ್ಟು ಹೊತ್ತಿನವರೆಗೆ ಅಂತ ಅವರೇ ಹೇಳ್ತಾರೆ. ಕೆಲಸ ಮುಕ್ಕಾಲು ಗಂಟೆ. ಎಚ್ಚರ ಆದ ಮೇಲೆ ಕೆಲವು ಗಂಟೆ ಅಲ್ಲೇ ಇಟ್ಕೊಂಡು ನೋಡ್ತಾರೆ, ಗಂಟಲು ಒಂದು ದಿನ ಕೆರೆದ ಹಾಗಿರತ್ತೆ, ಗಂಜಿ, ಮೊಸರನ್ನ ಸಾಕು. ಅವತ್ತೇ ದಾವಣಗೆರೆಗೆ ಬಸ್ ಹತ್ತಿಸ್ಬೇಡಿ, ಒಂದು ರಾತ್ರಿ ಬೆಂಗಳೂರಲ್ಲೇ ಉಳ್ಕೊಳ್ಳಿ, ಇದು ನನ್ನ ಸ್ವಂತ ಸಲಹೆ, ಯಾಕಂದ್ರೆ ತೊಂದ್ರೆ ಆಗೋದಿದ್ರೆ ಹೆಚ್ಚಾಗಿ ಮೊದಲ ದಿನದಲ್ಲೇ ಗೊತ್ತಾಗತ್ತೆ. ಬೆನ್ನಿಗೆ ಹೊಡೆಯೋ ಹಾಗಿನ ಹೊಟ್ಟೆನೋವು, ನಿಲ್ಲದ ವಾಂತಿ, ಚಳಿಜ್ವರ, ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗೋದು, ಇದರಲ್ಲಿ ಯಾವುದೇ ಕಂಡ್ರೂ ರಾತ್ರಿ ಎಷ್ಟೇ ಹೊತ್ತಾಗಿರಲಿ ಎಮರ್ಜೆನ್ಸಿಗೆ ಹೋಗಿ.

ರಿಪೋರ್ಟ್‌ಗೆ ನಾಲ್ಕೈದು ದಿನ ಹಿಡಿಯತ್ತೆ, ವಿಶೇಷ ಬಣ್ಣದ ಪರೀಕ್ಷೆಗಳು ಬೇಕಾದ್ರೆ ಇನ್ನೂ ಸ್ವಲ್ಪ ಜಾಸ್ತಿ, ಲ್ಯಾಬ್ ಮೇಲೆ ಸಿಟ್ಟಾಗ್ಬೇಡಿ, ಆ ತಡದಲ್ಲಿ ಅವರು ನಿಮ್ಮ ಕೆಲಸವನ್ನೇ ಮಾಡ್ತಿರ್ತಾರೆ. ಅದರಲ್ಲಿ 'ಏಟಿಪಿಕಲ್' ಅಥವಾ 'ಸಸ್ಪಿಷಿಯಸ್' ಅಂತ ಬರಬಹುದು, ಏಟಿಪಿಕಲ್ ಅಂದ್ರೆ ಕಣ ಸ್ವಲ್ಪ ವಿಚಿತ್ರ ಇದೆ ಅಷ್ಟೇ, ಊತಕ್ಕೂ ಹಾಗೆ ಆಗಬಹುದು. ಸಸ್ಪಿಷಿಯಸ್ ಅಂದ್ರೆ ಕ್ಯಾನ್ಸರ್ ಅಂತ ತುಂಬಾ ಅನುಮಾನ, ಆದ್ರೆ ಕೊನೇ ಮಾತು ಹೇಳೋಷ್ಟು ಸಿಕ್ಕಿಲ್ಲ ಅಂತ. ಎರಡರಲ್ಲೂ ನೀವೇ ಅರ್ಥ ಮಾಡ್ಕೊಂಡು ತೀರ್ಮಾನ ಮಾಡೋ ಬದಲು, ಸರ್ಜನ್, ಕಿಮೋ ಡಾಕ್ಟರ್, ಗ್ಯಾಸ್ಟ್ರೋ ಡಾಕ್ಟರ್ ಮೂವರೂ ಒಟ್ಟಿಗೆ ಕೂತು ನೋಡೋ ಹಾಗೆ ಕೇಳ್ಕೊಳ್ಳಿ. ಈ ಸಲವೂ ಏನೂ ಸಿಗದೇ ಹೋದ್ರೆ? ಆಗೋದು ಕಡಿಮೆ, ಎರಡನೇ ಸಲಕ್ಕೆ ಹೆಚ್ಚಿನವ್ರಲ್ಲಿ ಉತ್ತರ ಸಿಗತ್ತೆ. ಆದ್ರೂ ಸಿಗದಿದ್ರೆ ಆಟೋಇಮ್ಯೂನ್ ಪ್ಯಾಂಕ್ರಿಯಾಟೈಟಿಸ್ ಸುಳಿವಿಗೆ ಐಜಿಜಿ4 ರಕ್ತಪರೀಕ್ಷೆ, ಹೊಸ ಸ್ಕ್ಯಾನ್, ಮೂರನೇ ಬಯಾಪ್ಸಿ, ಕೆಲವೊಮ್ಮೆ ನೇರ ಆಪರೇಷನ್, ಹೀಗೆ ದಾರಿಗಳಿವೆ, ಬಾಗಿಲು ಮುಚ್ಚಲ್ಲ.

ಬೆಂಗಳೂರಿಗೆ ಹೊರಡೋ ಮುಂಚೆ ಮೊದಲ ಆಸ್ಪತ್ರೆಗೆ ಹೋಗಿ ಹಳೇ ಸ್ಲೈಡ್‌ಗಳನ್ನ, ಮೇಣದ ಬ್ಲಾಕ್ ಮಾಡಿದ್ರೆ ಅದನ್ನೂ, ಬರೆದುಕೊಟ್ಟು ಇಸ್ಕೊಳ್ಳಿ, ಕೇಳಿದ್ರೆ ಸಾಮಾನ್ಯವಾಗಿ ಕೊಡ್ತಾರೆ. ಸಿಟಿ ಸ್ಕ್ಯಾನ್‌ನ ಸಿಡಿ ತಗೊಳ್ಳಿ, ಬರೀ ರಿಪೋರ್ಟ್ ಹಾಳೆ ಸಾಲದು, ಸ್ಟೆಂಟ್ ಹಾಕೋ ಮುಂಚಿನ ಸ್ಕ್ಯಾನ್ ಇದ್ರೆ ಅದೇ ಅತಿ ಮುಖ್ಯ, ಗಡ್ಡೆ ಊತ ಇಲ್ದೇ ಸರಿಯಾಗಿ ಕಾಣೋದು ಅದರಲ್ಲೇ. ಹಾರ್ಟ್ ಡಾಕ್ಟರ್ ಚೀಟಿ, ಈಗ ತಗೊಳ್ತಿರೋ ಎಲ್ಲಾ ಮಾತ್ರೆಗಳ ಹಾಳೆಗಳು ಒಂದೇ ಕವರ್‌ನಲ್ಲಿ ಇರಲಿ. ನಾಟಿ ಔಷಧಿ ಏನಾದ್ರೂ ಶುರು ಮಾಡಿದ್ರೆ ಅದನ್ನೂ ಮುಚ್ಚಿಡದೆ ಹೇಳಿ. ಚಿಕ್ಕಪ್ಪನವ್ರನ್ನೂ ಜೊತೆಗೆ ಕರ್ಕೊಂಡು ಹೋಗಿ, ಡಾಕ್ಟರ್ ಸಿಟಿ ಚಿತ್ರ ತೋರಿಸಿ ವಿವರಿಸುವಾಗ ಅವರೂ ಪಕ್ಕದಲ್ಲಿ ಕೂತು ಕೇಳಲಿ. ರಿಪೋರ್ಟ್ ಬಂದ ಮೇಲೆ ನನಗೂ ಬರೀರಿ.